ಸಾಕು ಎನ್ನುವ ಮಾತು

ನಮ್ಮ ಮನೆಯ ಬೀರುವಿನಲ್ಲಿ, ನನ್ನ ಮದುವೆಯ ಸೀರೆಯ ಮಡಿಕೆಗಳ ನಡುವೆ ಒಂದು ಪುಟ್ಟ ಕ್ಯಾಮೆರಾ ಇದೆ. ಸೀರೆಯ ನಡುವೆ ಏಕೆ ಎನ್ನುತ್ತೀರಾ? ಮಕ್ಕಳ ಕೈಗೆ ಸಿಗದಿರಲೆಂದು ಅಲ್ಲಿಟ್ಟಿದ್ದೆ. ಮಕ್ಕಳು ಬೆಳೆದು ಬೆಂಗಳೂರು ಸೇರಿದರೂ ಅದರ ಜಾಗ ಮಾತ್ರ ಬದಲಾಗಲಿಲ್ಲ. 2009ರಲ್ಲಿ ಸಂಬಳದ ಹಿಂಬಾಕಿ ಕೈಗೆ ಬಂದಾಗ, ಎಲ್ಲರೂ ಒಂದೆಳೆ ಸರ ಮಾಡಿಸಿಕೋ ಎಂದರೂ ಕೇಳದೆ ಕೊಂಡದ್ದು ಅದು. ಹತ್ತು ಮೆಗಾಪಿಕ್ಸೆಲ್ಲಿನದು, ಎರಡು ಪೆನ್ಸಿಲ್ ಸೆಲ್ಲು ನುಂಗುತ್ತದೆ. ಸೆಲ್ಲಿನ ಮುಚ್ಚಳದ ಕೊಂಡಿ ಮುರಿದು ಐದು ವರ್ಷವಾಯಿತು. ಅಂದಿನಿಂದ ಜಡೆಗೆ ಹಾಕುವ ರಬ್ಬರ್ ಬ್ಯಾಂಡು ಅದರ ಸೊಂಟಕ್ಕೆ ಡಾಬಿನ ಹಾಗೆ ಬಿಗಿದಿದೆ.

ಹೋದ ದಸರಾ ರಜೆಯಲ್ಲಿ ಬಂದ ಮಗ ಅದನ್ನು ನೋಡಿ ನಕ್ಕ. "ಅಮ್ಮಾ, ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಮ್ಯೂಸಿಯಂನಲ್ಲಿ ಒಂದು ಮೂಲೆ ಖಾಲಿ ಇದ್ದರೆ ಇದನ್ನೂ ಇಟ್ಟುಕೊಳ್ಳುತ್ತಾರಾ ಕೇಳು. ನಾನು ನಿನಗೆ ಹೊಸದು ಕೊಡಿಸುತ್ತೇನೆ" ಎಂದ. ಅವನು ಹೇಳಿದ ಕ್ಯಾಮೆರಾಕ್ಕೆ ಲೆನ್ಸೂ ಸೇರಿ ಅರವತ್ತು ಸಾವಿರದ ಮೇಲಾಗುತ್ತಿತ್ತು. "ಅಯ್ಯೋ, ನನಗೆ ಇದೇ ಸಾಕು ಬಿಡೋ" ಎಂದುಬಿಟ್ಟೆ. ಬಾಯಿ ಹಾಗೆಂದಿತೇ ಹೊರತು ಮನಸ್ಸು ಆಡಿದ್ದು ಬೇರೆ. ಮುಂದಿನ ತಿಂಗಳು ಬೆಂಗಳೂರಿಗೆ ಹೋದಾಗ ಒಬ್ಬಳೇ ಅಂಗಡಿಗೆ ಹೋಗಿ ಆ ಕ್ಯಾಮೆರಾ ಹಿಡಿದು ನೋಡಿ ಬಂದೆ. ಅದರ ತೂಕ, ಗುಂಡಿ ಒತ್ತಿದಾಗಿನ ಆ ಮೆಲುಸದ್ದು! ಬಸ್ಸಿನಲ್ಲಿ ಬರುವಾಗ ಕೈ ಖಾಲಿಯಾಗಿದೆ ಎನಿಸುತ್ತಿತ್ತು. ಐವತ್ತು ದಾಟಿದ ಮೇಷ್ಟ್ರಮ್ಮನಿಗೆ ಇದೆಂಥ ಆಸೆ ಎಂದು ನಾಚಿಕೆಯೂ ಆಯಿತು.

ನಾನು ಕ್ಯಾಮೆರಾ ಎಂಬುದನ್ನು ಮೊದಲು ಕಂಡದ್ದು ಸೋದರಮಾವನ ಕೈಯಲ್ಲಿ. ಆಗ್ಫಾ ಕ್ಲಿಕ್ ಥ್ರೀ ಎಂದು ಅದರ ಹೆಸರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಮಾವ ಆ ಹನ್ನೆರಡನ್ನು ಹಬ್ಬದ ಸಕ್ಕರೆಯಂತೆ ಅಳೆದು ಅಳೆದು ಬಳಸುತ್ತಿದ್ದರು. ಊಟಿಯಲ್ಲಿ ಸರ್ಕಾರವೇ 1960ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲುಗಳು ಆಗ ಅಂಗಡಿಗಳಲ್ಲಿ ಸಿಗುತ್ತಿದ್ದವು. ಈಗ ಆ ಕಾರ್ಖಾನೆಯೂ ಇಲ್ಲ, ರೋಲೂ ಇಲ್ಲ. ಅಮೆರಿಕದ ಕೊಡಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರ ತೂಕ ಮೂರೂವರೆ ಕಿಲೋದ ಮೇಲಿತ್ತಂತೆ. ಅದರ ಚಿತ್ರದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಫಿಲ್ಮಿನಿಂದಲೇ ಬದುಕುತ್ತಿದ್ದ ಕೊಡಕ್ ತನ್ನ ಮನೆಯಲ್ಲೇ ಹುಟ್ಟಿದ ಈ ಕೂಸನ್ನು ಸರಿಯಾಗಿ ಎತ್ತಿಕೊಳ್ಳಲಿಲ್ಲ. 2012ರಲ್ಲಿ ಅದು ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. 'ಇದ್ದದ್ದೇ ಸಾಕು' ಎನ್ನುವುದು ಎಲ್ಲ ಕಾಲಕ್ಕೂ ಜಾಣತನವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಹೇಳಿ ಕೇಳಿ ನಾನು ಪಾಠ ಹೇಳುವವಳು. ಲೆಕ್ಕ ಮಾಡದೆ ಬಿಡುವವಳಲ್ಲ. ಮೆಗಾಪಿಕ್ಸೆಲ್ ಎಂದು ಹೆದರಬೇಕಾದ್ದೇನೂ ಇಲ್ಲ. ನಾವು ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಯೇ ಅದು. ಹತ್ತು ಮೆಗಾಪಿಕ್ಸೆಲ್ ಎಂದರೆ ಒಂದು ಕೋಟಿ ಚುಕ್ಕಿ. ಆಲ್ಬಮಿನಲ್ಲಿ ಅಂಟಿಸುವ ನಾಲ್ಕು-ಆರು ಅಂಗುಲದ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕಿಯಂತೆ ಇಟ್ಟರೂ ಬೇಕಾಗುವುದು 21 ಲಕ್ಷದ 60 ಸಾವಿರ. ಅಂದಮೇಲೆ ನನ್ನ ಕ್ಯಾಮೆರಾದಲ್ಲಿ ಬೇಕಾದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚೇ ಇದೆ. ಇನ್ನಷ್ಟು ಚುಕ್ಕಿ ತಂದು ಏನು ಮಾಡಲಿ? ಲೆಕ್ಕ ಇಲ್ಲಿಗೆ ಮುಗಿಯಿತು, ಆಸೆಯ ಬಾಯಿ ಮುಚ್ಚಿಸಿದೆ ಎಂದು ನಾನು ಬೀಗುತ್ತಿದ್ದ ಹೊತ್ತಿಗೇ ನಮ್ಮ ಬೀದಿಯ ಅಜ್ಜಿ ತೀರಿಕೊಂಡರು.

ನಮ್ಮ ಮೇಲೂರು ಶಿಡ್ಲಘಟ್ಟ ತಾಲ್ಲೂಕಿನ ಊರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರನ್ನು ನೀವೂ ಕೇಳಿರುತ್ತೀರಿ. ಇಲ್ಲಿನ ಬಹಳ ಮನೆಗಳಲ್ಲಿ ಮಾತಿಗೆ ಕನ್ನಡ, ತೆಲುಗು ಎರಡೂ ಬೇಕು. ಹೊಟ್ಟೆಪಾಡಿಗೆ ಹಿಪ್ಪುನೇರಳೆ ಸೊಪ್ಪು ಬೇಕು. ಈ ಅಜ್ಜಿ ಅರವತ್ತು ವರ್ಷ ರೇಷ್ಮೆಹುಳು ಸಾಕಿದವರು. ಹುಳು ನಾಲ್ಕು ಸಲ ಜ್ವರಕ್ಕೆ ಮಲಗಿ ಏಳುತ್ತದಲ್ಲ, ಅಷ್ಟು ದಿನವೂ ತಾವು ಸರಿಯಾಗಿ ಮಲಗುತ್ತಿರಲಿಲ್ಲ. ಹಣೆಯ ನಡುವೆ ಹಸಿರು ಹಚ್ಚೆ, ಗಲ್ಲದ ಮೇಲೊಂದು ಚುಕ್ಕೆ. ನಾನು ಶಾಲೆಗೆ ಹೋಗುವಾಗ ಜಗಲಿಯಲ್ಲಿ ಕೂತು ಕರೆಯುತ್ತಿದ್ದರು: "ಟೀಚ್ರಮ್ಮ, ನಂದೊಂದು ಪೋಟ ಹಿಡ್ಕೊಡಮ್ಮ. ನಾ ಹೋದ್ಮೇಲೆ ಗೋಡೆಗೆ ಹಾಕಕ್ಕೆ ಬೇಕಾಯ್ತದೆ." ನಾನು "ಆಗಲಿ ಅಜ್ಜಿ, ಭಾನುವಾರ ಬರ್ತೀನಿ" ಎನ್ನುತ್ತಿದ್ದೆ. ಎಷ್ಟು ಭಾನುವಾರ ಹೋದವೋ.

ಕೊನೆಗೊಂದು ಸಂಜೆ ಅವರ ಮನೆಗೆ ಬೇರೇನೋ ಕೆಲಸಕ್ಕೆ ಹೋದವಳು, ಕ್ಯಾಮೆರಾ ಚೀಲದಲ್ಲೇ ಇದೆಯಲ್ಲ ಎಂದು ಹುಳುಮನೆಗೆ ಹೋದೆ. ಕಾಲು ತೊಳೆದು, ಬಾಗಿಲಲ್ಲಿ ಹಾಕಿದ್ದ ಸುಣ್ಣ, ಬ್ಲೀಚಿಂಗ್ ಪುಡಿ ತುಳಿದು ಒಳಗೆ ಕಾಲಿಟ್ಟರೆ ಮಬ್ಬುಗತ್ತಲೆ. ಸೊಪ್ಪು ಮೇಯುವ ಹುಳುಗಳ ಸದ್ದು, ಎಲ್ಲೋ ಜಿನುಗು ಮಳೆ ಬಿದ್ದಂತೆ. ಫ್ಲ್ಯಾಷ್ ಹಾಕಲು ಅಜ್ಜಿ ಬಿಡಲಿಲ್ಲ, "ಹುಳಕ್ಕೆ ಬೆಳಕು ಆಗಾಕಿಲ್ಲ" ಎಂದರು. ಬಾಗಿಲಲ್ಲೇ ನಿಂತು ದೂರದಿಂದ ಎರಡು ಚಿತ್ರ ತೆಗೆದೆ. ಮನೆಗೆ ಹೋಗಿ ಅಡಿಗೆ ಮಾಡಬೇಕಿತ್ತು. ಚಿತ್ರ ಹೇಗೆ ಬಂದಿದೆ ಎಂದು ನೋಡಲೂ ಇಲ್ಲ.

ಅಜ್ಜಿ ತೀರಿಕೊಂಡ ಮೂರನೆಯ ದಿನ ಅವರ ಮೊಮ್ಮಗಳು ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕೆಲಸಕ್ಕೆ ಹೋಗುತ್ತಾಳೆ. "ಮಿಸ್, ಅಜ್ಜಿ ಫೋಟೋ ನಿಮ್ಮ ಹತ್ರ ಇದೆಯಂತಲ್ಲ" ಎಂದಳು. ಕೊಟ್ಟೆ. ಅದನ್ನು ಗೋಡೆಯ ಚೌಕಟ್ಟಿನ ಅಳತೆಗೆ ದೊಡ್ಡದು ಮಾಡಿದಾಗ ಮುಖದ ತುಂಬ ಯಾರೋ ರಾಗಿ ಹಿಟ್ಟು ಎರಚಿದಂತೆ ಕಾಳುಕಾಳಾಯಿತು. ಸ್ಟುಡಿಯೋದವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ನುಣುಪು ಮಾಡಿಕೊಟ್ಟರು. ಕಾಳಿನ ಜೊತೆಗೆ ಸುಕ್ಕೂ ಹೋಯಿತು, ಹಣೆಯ ಹಚ್ಚೆಯೂ ಹೋಯಿತು. ಹನ್ನೊಂದನೆಯ ದಿನ ಹೂವಿನ ಹಾರದೊಳಗೆ ನಗುತ್ತಿದ್ದವಳು ಯಾರೋ ನಲವತ್ತರ ಹೆಂಗಸು. ಆ ಹುಡುಗಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಮಿಸ್, ಇದು ನಮ್ಮಜ್ಜಿ ಅಲ್ಲ" ಎಂದಳು. ನನ್ನನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ವಾಸಿಯಿತ್ತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತು? ಚುಕ್ಕಿ ಎಣಿಸಿದ್ದೆ, ಬೆಳಕನ್ನು ಎಣಿಸಿರಲಿಲ್ಲ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಕೊಳಗ ಇಟ್ಟಿದ್ದೀರಿ ಎಂದುಕೊಳ್ಳಿ. ಜೋರು ಮಳೆಗೆ ಎರಡೂ ತುಂಬುತ್ತವೆ. ತುಂತುರು ಹನಿಗೆ ಲೋಟದಲ್ಲಿ ಬಿದ್ದದ್ದು ನೀರೋ ಇಬ್ಬನಿಯೋ ತಿಳಿಯುವುದಿಲ್ಲ, ಕೊಳಗದಲ್ಲಿ ಒಂದಷ್ಟಾದರೂ ಸೇರುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಎಂಬ ಬಿಲ್ಲೆಯದೂ ಇದೇ ಕಥೆ. ನನ್ನದರಂಥ ಪುಟ್ಟ ಕ್ಯಾಮೆರಾದಲ್ಲಿ ಅದು ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಮಗ ಹೇಳಿದ ಕ್ಯಾಮೆರಾದಲ್ಲಿ ಅದರ ವಿಸ್ತೀರ್ಣ ಹನ್ನೆರಡು ಹದಿಮೂರು ಪಟ್ಟು ದೊಡ್ಡದು. ಹುಳುಮನೆಯ ಆ ತುಂತುರು ಬೆಳಕಿಗೆ ನನ್ನ ಲೋಟ ಸಾಲದಾಯಿತು. ಮೊಬೈಲಿನಲ್ಲಾದರೂ ತೆಗೆಯಬಹುದಿತ್ತಲ್ಲ ಎನ್ನಬಹುದು. ಅದು ಕತ್ತಲೆಯಲ್ಲಿ ಒಂದರ ಹಿಂದೊಂದು ಹಲವು ಚಿತ್ರ ಹಿಡಿದು, ಒಂದರ ಮೇಲೊಂದು ಕೂಡಿಸಿ, ಕಾಳನ್ನು ತಾನೇ ತಿದ್ದಿಕೊಡುತ್ತದೆ. ಕಾಳು ತಿದ್ದುವ ಭರದಲ್ಲಿ ಅದೂ ಒಮ್ಮೊಮ್ಮೆ ಸುಕ್ಕನ್ನು ತಿದ್ದಿಬಿಡುವುದನ್ನು ಕಂಡಿದ್ದೇನೆ.

ಹಾಗಾದರೆ ತಪ್ಪು ಕ್ಯಾಮೆರಾದ್ದು, ನಾಳೆಯೇ ಹೊಸದು ತರಬೇಕು. ಎಷ್ಟು ಸುಲಭದ ತೀರ್ಮಾನ! ಸುಲಭವಾಗಿದ್ದರಿಂದಲೇ ನನಗೆ ಅನುಮಾನ ಬಂತು. ಉತ್ತರ ಪತ್ರಿಕೆ ತಿದ್ದುವವಳಂತೆ ಕೂತು, ಹೋದ ಒಂದು ವರ್ಷದ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಒಟ್ಟು 348. ಅವುಗಳಲ್ಲಿ ಕೆಟ್ಟವು 61. ಕ್ಯಾಮೆರಾದ ತಪ್ಪಿಗೆ ಕೆಂಪು ಗೆರೆ, ನನ್ನ ತಪ್ಪಿಗೆ ನೀಲಿ ಗೆರೆ ಎಂದು ಹಾಳೆಯಲ್ಲಿ ಎರಡು ಸಾಲು ಮಾಡಿದೆ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದ ಮಕ್ಕಳು, ಅವಸರಕ್ಕೆ ಅಲುಗಿದ ಕೈ, ಲೆನ್ಸಿನ ಮೇಲೆ ನನ್ನದೇ ಬೆರಳಿನ ಗುರುತು, ದೂರದಲ್ಲಿ ನಿಂತು ತೆಗೆದು ಇರುವೆಯಷ್ಟಾದ ಮುಖಗಳು... ನೀಲಿ ಗೆರೆ 52 ಆಯಿತು. ಕೆಂಪು ಗೆರೆ ಒಂಬತ್ತು. ಆ ಒಂಬತ್ತೂ ಕತ್ತಲಲ್ಲಿ ತೆಗೆದವು: ಜಾತ್ರೆಯ ರಾತ್ರಿ ತಂಬಿಟ್ಟಿನ ದೀಪ ಹೊತ್ತು ಹೊರಟ ಹೆಂಗಸರು, ಶಾಲಾ ವಾರ್ಷಿಕೋತ್ಸವದ ನಾಟಕ, ಮತ್ತೆ ಹುಳುಮನೆಯ ಆ ಎರಡು.

ಅಂಕದ ಲೆಕ್ಕದಲ್ಲಿ ಕ್ಯಾಮೆರಾ ಪಾಸು, ನಾನು ನಪಾಸು. ಆದರೆ ಇಲ್ಲಿಯೂ ನಾನು ಬೇಗ ಸಮಾಧಾನ ಪಡುವ ಹಾಗಿರಲಿಲ್ಲ. ಒಂಬತ್ತೇ ಎಂದು ತಳ್ಳಿಹಾಕಲು, ಅವುಗಳಲ್ಲಿ ಎರಡು ಇನ್ನೆಂದೂ ಮರಳಿ ತೆಗೆಯಲಾಗದ ಚಿತ್ರಗಳು. ಮೈಸೂರಿನ ಟಿ. ಎಸ್. ಸತ್ಯನ್ ಅವರು ಇಂಥ ಯಾವ ಸೆನ್ಸರೂ ಇಲ್ಲದೆ ಫಿಲ್ಮಿನಲ್ಲೇ ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಉಪಕರಣ ಮುಖ್ಯವಲ್ಲ, ನೋಡುವ ಕಣ್ಣು ಮುಖ್ಯ ಎಂದು ಅಂಥವರ ಉದಾಹರಣೆ ಕೊಟ್ಟು ಪಾರಾಗಬಹುದಿತ್ತು. ಆದರೆ ಅದು ಪೂರ್ತಿ ಪ್ರಾಮಾಣಿಕವಾದ ಮಾತಲ್ಲ. ಮೊಂಡು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದವರಿಗೆ ಗೊತ್ತು, ಕೈ ಎಷ್ಟು ನುರಿತದ್ದಾದರೂ ಅಲಗು ಬೇಕೇ ಬೇಕು.

ಯೋಚಿಸುತ್ತಾ ಹೋದಂತೆ ನನಗೆ ಕಂಡದ್ದು, ಪ್ರಶ್ನೆ ಕ್ಯಾಮೆರಾದ್ದಲ್ಲ, 'ಸಾಕು' ಎನ್ನುವ ಮಾತಿನದು. ಈ ಮಾತನ್ನು ನಾವು ಹೆಂಗಸರು ಎಷ್ಟು ಸಲ ಆಡುತ್ತೇವೆ! ನಮ್ಮಮ್ಮ ಎಲ್ಲರಿಗೂ ಬಡಿಸಿ ಮುಗಿಸಿದ ಮೇಲೆ ತಳ ಕೆರೆದು, "ನನಗೆ ಇಷ್ಟೇ ಸಾಕು" ಎನ್ನುತ್ತಿದ್ದಳು. ಅದನ್ನು ನಾವು ತೃಪ್ತಿ ಎಂದು ಹೊಗಳಿದೆವು. ಅವಳಿಗೆ ನಿಜವಾಗಿ ಸಾಕಾಗಿತ್ತೇ ಎಂದು ಯಾರೂ ಕೇಳಲಿಲ್ಲ. ಇನ್ನು ಕೆಲವು ಮನೆಗಳಲ್ಲಿ, "ಹೆಣ್ಣು ಹುಡುಗಿಗೆ ಅಷ್ಟು ಓದು ಸಾಕು" ಎನ್ನುತ್ತಾರೆ. ಎರಡೂ ಕಡೆ ಪದ ಒಂದೇ. ಒಂದು ಕಡೆ ತನಗೆ ಸಾಕು ಎಂದದ್ದು, ಇನ್ನೊಂದು ಕಡೆ ಇನ್ನೊಬ್ಬರಿಗೆ ಸಾಕು ಎಂದದ್ದು. ಕೊರತೆಯನ್ನು ಅನುಭವಿಸುವವರು ಯಾರೋ ಅವರಿಗೆ ಮಾತ್ರ 'ಸಾಕು' ಎನ್ನುವ ಹಕ್ಕಿದೆ. ನಾನು ನನ್ನ ಸೀರೆಗೆ, ನನ್ನ ಚಪ್ಪಲಿಗೆ ಸಾಕು ಎನ್ನಬಹುದು. ಅಜ್ಜಿಯ ಮುಖಕ್ಕೆ ನನ್ನ ಹಳೆಯ ಕ್ಯಾಮೆರಾ ಸಾಕು ಎನ್ನಲು ನಾನ್ಯಾರು?

ಹೀಗೆಂದುಕೊಂಡಾಗ ಹೊಸದನ್ನು ಕೊಳ್ಳುವ ಕಡೆಗೇ ತಕ್ಕಡಿ ವಾಲಿತು. ಆದರೆ ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ ನೋಡಿ. ಹುಳು ಸಾಕುವುದು, ದನ ಸಾಕುವುದು, ಮಕ್ಕಳನ್ನು ಸಾಕುವುದು. ಅಜ್ಜಿ ಸಾಕಿದ್ದು ಹಾಗೆ. ಹೊತ್ತು ಹೊತ್ತಿಗೆ ಎದ್ದು, ಹತ್ತಿರ ಹೋಗಿ, ಮುಟ್ಟಿ ನೋಡಿ. ನಾನು ಅಜ್ಜಿಗೆ ಕೊಡಬೇಕಿದ್ದದ್ದು ಅಂಥದೊಂದು ಬೆಳಗಿನ ಹೊತ್ತನ್ನು. ಜಗಲಿಯಲ್ಲಿ ಎಳೆಬಿಸಿಲು ಇತ್ತು, ಅಜ್ಜಿ ಇದ್ದರು, ನನ್ನ ಹತ್ತಿರ ಕ್ಯಾಮೆರಾ ಇತ್ತು. ಇಪ್ಪತ್ತು ಹೆಜ್ಜೆ ದಾಟಿ ಕಾಲು ಗಂಟೆ ಕೂರಲು ನನಗೆ ಮನಸ್ಸಿರಲಿಲ್ಲ. ಈಗ ಅರವತ್ತು ಸಾವಿರ ಕೊಟ್ಟು ಕ್ಯಾಮೆರಾ ತಂದರೆ, ಹೊತ್ತಿನಲ್ಲಿ ತೀರಿಸಬೇಕಿದ್ದ ಸಾಲವನ್ನು ಹಣದಲ್ಲಿ ತೀರಿಸಿದಂತೆ ಆಗುವುದಿಲ್ಲವೇ? ದೂರದಿಂದಲೇ ಹತ್ತಿರ ತೋರಿಸುವ ಲೆನ್ಸು ಸಿಕ್ಕರೆ ನಾನು ಇನ್ನೂ ದೂರದಲ್ಲೇ ನಿಲ್ಲುತ್ತೇನೇನೋ ಎಂಬ ಭಯವೂ ಆಯಿತು.

ಮತ್ತೊಂದು ಮಾತು. ಹೊಸದು ಬಂದರೆ ಹಳೆಯದರ ಗತಿಯೇನು? 2007ರವರೆಗೆ ನಮ್ಮೂರು ಕೋಲಾರ ಜಿಲ್ಲೆಯಲ್ಲೇ ಇತ್ತು. ಜನ ಪ್ರಾಣ ಒತ್ತೆಯಿಟ್ಟು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆಯುತ್ತಿದ್ದ ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಇಂಥ ಯಂತ್ರಗಳ ಹೊಟ್ಟೆಯೊಳಗೂ ಕೂದಲೆಳೆಯಷ್ಟು ಚಿನ್ನ, ತಾಮ್ರ ಇರುತ್ತವೆ. ತಿಪ್ಪೆಗೆ ಎಸೆದರೆ ಅದೂ ಹೋಯಿತು, ಜೊತೆಗಿರುವ ವಿಷ ಮಣ್ಣಿಗೂ ಸೇರಿತು. ಇವನ್ನು ಮರುಬಳಕೆಗೆ ಒಪ್ಪಿಸಬೇಕೆಂದು 2022ರಲ್ಲಿ ನಿಯಮಗಳೂ ಬಂದಿವೆ. ಆದರೆ ಇನ್ನೂ ಉಸಿರಾಡುತ್ತಿರುವುದನ್ನು ಗುಜರಿಗೆ ಹಾಕುವುದಕ್ಕೆ ಯಾವ ನಿಯಮ?

ಈ ಹೊಯ್ದಾಟದಲ್ಲಿದ್ದಾಗಲೇ ಹಳೆಯ ಮೆಮೊರಿ ಕಾರ್ಡುಗಳನ್ನೆಲ್ಲ ಹುಡುಕತೊಡಗಿದೆ. ಎಲ್ಲಾದರೂ ಅಜ್ಜಿ ಇರಬಹುದೇ ಎಂಬ ಆಸೆ. ಮೂರು ಸಂಜೆ ಹುಡುಕಿದ ಮೇಲೆ 2011ರ ಆಗಸ್ಟ್ 15ರ ಚಿತ್ರವೊಂದು ಸಿಕ್ಕಿತು. ಮುಂದೆ ಧ್ವಜ ಹಿಡಿದ ಮಕ್ಕಳ ಸಾಲು. ಹಿಂದೆ ಕಾಂಪೌಂಡಿನ ಪಕ್ಕ, ಮೊಮ್ಮಗಳ ಕುಣಿತ ನೋಡಲು ಬಂದು ನಿಂತ ಅಜ್ಜಿ. ಒಳ್ಳೆಯ ಬಿಸಿಲು. ಹಣೆಗೆ ಕೈ ಅಡ್ಡ ಹಿಡಿಯುವುದಕ್ಕೆ ಒಂದು ಕ್ಷಣ ಮುಂಚಿನ ಮುಖ. ಅದಷ್ಟನ್ನೇ ಕತ್ತರಿಸಿದರೆ ಅಗಲಕ್ಕೆ 600 ಚುಕ್ಕಿ, ಎತ್ತರಕ್ಕೆ 900 ಉಳಿಯಿತು. ಅಂದರೆ ಎರಡು ಅಂಗುಲ ಅಗಲ, ಮೂರು ಅಂಗುಲ ಎತ್ತರ. ಅದಕ್ಕಿಂತ ದೊಡ್ಡದು ಮಾಡಲು ಹೋಗಲಿಲ್ಲ. ಅಷ್ಟರಲ್ಲಿ ಹಚ್ಚೆಯ ಹಸಿರೂ ಗಲ್ಲದ ಚುಕ್ಕೆಯೂ ನಿಚ್ಚಳವಾಗಿ ಕಾಣುತ್ತಿದ್ದವು.

ಅಂಗೈಗಿಂತ ಚಿಕ್ಕದಾದ ಆ ಚಿತ್ರವನ್ನು ಲಕೋಟೆಯಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. "ಇನ್ನೂ ದೊಡ್ಡದು ಮಾಡಕ್ಕೆ ಬರಲ್ಲಮ್ಮ, ಬೇಜಾರು ಮಾಡ್ಕೋಬೇಡ" ಎಂದೆ. ಹುಡುಗಿ ಬಹಳ ಹೊತ್ತು ನೋಡಿದಳು. ಗೋಡೆಯ ಮೇಲಿನ ದೊಡ್ಡ ಚೌಕಟ್ಟಿನ ಗಾಜಿನ ಮೂಲೆಗೆ ಅದನ್ನು ಸಿಕ್ಕಿಸಿದಳು. ಆಮೇಲೆ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಸಾಕು ಮಿಸ್" ಎಂದಳು. ನಾನು ಏನೂ ಹೇಳಲಿಲ್ಲ. ಆ ಮಾತನ್ನು ಆಡಬೇಕಾದವಳು ಅವಳೇ.

ಹಾಗೆಂದು ನನ್ನ ಪ್ರಶ್ನೆ ತೀರಿತೆಂದು ತಿಳಿಯಬೇಡಿ. ಜಾತ್ರೆಯ ರಾತ್ರಿ ದೀಪ ಹೊತ್ತ ಹೆಂಗಸರ ಮುಖಗಳು ಇನ್ನೂ ಕಾಳುಕಾಳಾಗಿಯೇ ಇವೆ. ಅದಕ್ಕೆ ನಾನೊಂದು ಕರಾರು ಮಾಡಿಕೊಂಡಿದ್ದೇನೆ. ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ ಎಪ್ಪತ್ತು ದಾಟಿದವರು ಹದಿನಾಲ್ಕು ಜನ ಇದ್ದಾರೆ. ಅವರ ಪಟ್ಟಿ ನನ್ನ ಪಾಠದ ಟಿಪ್ಪಣಿಯ ಪುಸ್ತಕದ ಹಿಂಬದಿಯಲ್ಲಿದೆ. ಭಾನುವಾರಕ್ಕೊಬ್ಬರಂತೆ, ಬೆಳಗಿನ ಬಿಸಿಲಿನಲ್ಲಿ, ಅವರ ಜಗಲಿಯಲ್ಲೇ, ಹತ್ತಿರ ಕೂತು, ಅವರು ಕೊಟ್ಟ ಕಾಫಿ ಕುಡಿದು ಚಿತ್ರ ತೆಗೆಯುವುದು. ಇದಕ್ಕೆ ಹಳೆಯ ಕ್ಯಾಮೆರಾ ಧಾರಾಳವಾಯಿತು. ಅಷ್ಟೂ ಮುಗಿದ ಮೇಲೆ, ನೀಲಿ ಗೆರೆ ಕಡಿಮೆಯಾಗಿ ಕೆಂಪು ಗೆರೆಯೇ ಉಳಿದರೆ, ಮಗನಿಗೆ ಹೇಳಿ ಹೊಸದನ್ನೋ ಯಾರಾದರೂ ಬಳಸಿ ಬಿಟ್ಟದ್ದನ್ನೋ ತರಿಸಿಕೊಳ್ಳುತ್ತೇನೆ. ಆಗ ನಾಚಿಕೆಯೂ ಇರುವುದಿಲ್ಲ, ನೆಪವೂ ಇರುವುದಿಲ್ಲ.

ನಾಲ್ಕು ಭಾನುವಾರ ಆಗಿವೆ. ಮೊನ್ನೆ ಒಬ್ಬರು ಅಜ್ಜಿ ತಲೆ ಬಾಚಿ, ಹೂ ಮುಡಿದು, ಹಬ್ಬದ ಸೀರೆಯುಟ್ಟು ಆರು ಗಂಟೆಗೇ ಕಾಯುತ್ತಿದ್ದರು. ಕ್ಯಾಮೆರಾದ ರಬ್ಬರ್ ಬ್ಯಾಂಡು ಕಂಡು, "ಇದಕ್ಕೂ ಸೊಂಟ ನೋವಾ ನನ್ನಂಗೆ?" ಎಂದು ನಕ್ಕರು. ಆ ನಗುವೇ ಚಿತ್ರದಲ್ಲಿ ಬಂದಿದೆ. ಇನ್ನೂ ಹತ್ತು ಜನ ಇದ್ದಾರೆ.